ಇಂಗ್ಲೆಂಡಿನ ಕೊಳೆ

ನನ್ನ ಭಾವ ಇಂಗ್ಲೆಂಡಿನ ರೈಲ್ವೆಗಾಗಿ ಎಷ್ಟೋ ವರ್ಷಗಳಿಂದ ದುಡಿಯುತ್ತಿದ್ದಾರೆ. ಈ ಸಂಗತಿ ಇಂಗ್ಲೆಂಡಿನ ರೈಲ್ವೆಯವರಿಗೆ ಮಾತ್ರ ಇನ್ನೂ ಗೊತ್ತಿಲ್ಲ! ಸಂಬಳ ಬರುವುದು ದುಬೈನ ಒಂದು ವಿಮಾ ಕಂಪನಿಯಿಂದ. ಅಲ್ಲಿ ಹಗಲೆಲ್ಲ ಒಡೆದ ಬಂಪರು, ಜಜ್ಜಿದ ಬಾಗಿಲುಗಳ ಕ್ಲೇಮು ನೋಡುತ್ತಾರೆ. ಸಂಜೆ ದೇರಾ ಭಾಗದ ಅಲ್ ಮುರಕ್ಕಬಾತ್‌ನ ಮನೆಗೆ ಬಂದು, ಕಾಫಿ ಕುಡಿದು, ತಲೆಗೊಂದು ಭೂತಗನ್ನಡಿ ಕಟ್ಟಿಕೊಂಡು ಊಟದ ಮೇಜಿನ ಮುಂದೆ ಕುಳಿತರೆಂದರೆ ನಿಜವಾದ ನೌಕರಿ ಶುರು. ಇವರು ಇಂಗ್ಲೆಂಡನ್ನು ಕಣ್ಣಾರೆ ಕಂಡವರೇ? ಇಲ್ಲ. ಅಲ್ಲಿನ ರೈಲು ಹತ್ತಿದವರೇ? ಇಲ್ಲವೇ ಇಲ್ಲ. ಊರಿಗೆ ಹೋದಾಗ ಬೆಂಗಳೂರಿನಿಂದ ಮೈಸೂರಿಗೆ ಕೂಡ ಬಸ್ಸಿನಲ್ಲೇ ಹೋಗುತ್ತಾರೆ. "ರೈಲಿಗೆ ಯಾರು ಕಾಯ್ತಾರೆ?" ಎನ್ನುತ್ತಾರೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಮಾದರಿ ರೈಲು ಸಿಗುತ್ತದಲ್ಲ, ಹಳಿ ಜೋಡಿಸಿ ಸ್ವಿಚ್ಚು ಒತ್ತಿದರೆ ಸುತ್ತು ಹೊಡೆಯುವಂಥದ್ದು? ನೀವು, ನಾನು ಆದರೆ ಓಡಿಸಿ ಖುಷಿಪಡುತ್ತೇವೆ. ಭಾವ ಓಡಿಸುವುದಿಲ್ಲ. ತಂದ ದಿನವೇ ಅದರ ಹೊಟ್ಟೆ ಬಗೆಯುತ್ತಾರೆ! ಅಂಗಡಿಯ ರೈಲುಡಬ್ಬಿಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದವು, ನಿಜವಾದ ಇಂಗ್ಲಿಷ್ ಡಬ್ಬಿಗಳು ಹಾಗಿರಲಿಲ್ಲವಂತೆ. ಒಂದಕ್ಕೆ ಚಾವಣಿಯ ಮೇಲೆ ಗಾಳಿಗೂಡು ಒಂದು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಂದರ ಕಿಟಕಿಯ ಚೌಕಟ್ಟು ದಪ್ಪ, ಮತ್ತೊಂದು ರಿಪೇರಿಗೆ ಹೋಗಿ ಬೇರೆಯದೇ ಗಾಲಿಗಳನ್ನು ಕಟ್ಟಿಸಿಕೊಂಡು ಬಂತು. ಯಾವ ನಂಬರಿನ ಡಬ್ಬಿ ಯಾವ ಕಾಲದಲ್ಲಿ ಹೇಗಿತ್ತು ಎಂದು ಹಳೆಯ ಫೋಟೋಗಳಲ್ಲಿ ಹುಡುಕಿ, ಗೇಣುದ್ದದ ಪ್ಲಾಸ್ಟಿಕ್ ಡಬ್ಬಿಯನ್ನು ಕೊಯ್ದು, ಉಜ್ಜಿ, ಅಂಟಿಸಿ, ಥೇಟ್ ಹಾಗೆಯೇ ಮಾಡುವುದು ಭಾವನ ಕಾಯಕ. ಅದನ್ನು ಅಪ್ಪಿತಪ್ಪಿ ಬೋಗಿ ಎಂದಿರೋ, ಕೆಟ್ಟಿರಿ.

"ಬೋಗಿ ಅಂದ್ರೆ ಕೆಳಗಡೆ ಇರೋ ಗಾಲಿ ಚೌಕಟ್ಟು ಕಣಮ್ಮಾ. ಮೇಲಿರೋದು ಕೋಚ್."

"ಭಾವ, ಇಡೀ ಇಂಡಿಯಾ ಬೋಗಿ ಅಂತಲೇ ಅನ್ನುತ್ತೆ."

"ಇಡೀ ಇಂಡಿಯಾ ನನ್ನ ಮನೆಗೆ ಊಟಕ್ಕೆ ಬಂದಿಲ್ಲ. ನೀನು ಬಂದಿದೀಯ."

ಹೌದು, ನಾನು ಅಕ್ಕನ ಮನೆಗೆ ಊಟಕ್ಕೆ ಹೋಗುವವಳೇ. ದುಬೈನ ಇನ್ನೊಂದು ತುದಿಯ ಇಂಟರ್‌ನ್ಯಾಷನಲ್ ಸಿಟಿಯ ನನ್ನ ಒಂಟಿ ಕೋಣೆಯಲ್ಲಿ ಶನಿವಾರ ಬೆಳಗಾದರೆ ಹುಳಿಯ ವಾಸನೆ ಕನಸಿನಲ್ಲೇ ಬರುತ್ತದೆ. ಅಲ್ಲದೆ ಭಾವನನ್ನು ಕಾಡುವುದು ನಾದಿನಿಯ ಜನ್ಮಸಿದ್ಧ ಹಕ್ಕು. ಒಂದು ಶನಿವಾರ ಹೋದಾಗ ಅವರು ಬ್ಲೇಡು ಹಿಡಿದು ಡಬ್ಬಿಯ ಬೆನ್ನಿನ ಮೇಲಿದ್ದ ಮೆಟ್ಟಿಲುಗಳನ್ನು ಕೆರೆದು ತೆಗೆಯುತ್ತಿದ್ದರು. ಒಂದೊಂದು ಮೆಟ್ಟಿಲೂ ಸಾಸಿವೆ ಕಾಳಿಗಿಂತ ಚಿಕ್ಕದು.

"ಚೆನ್ನಾಗಿತ್ತಲ್ಲ ಭಾವ, ಯಾಕೆ ತೆಗೀತಿದೀರಿ?"

"ಇದು ಚಾವಣಿ ಹತ್ತೋ ಮೆಟ್ಟಿಲು. ಆಮೇಲೆ ಲೈನಿನ ಮೇಲೆ ಕರೆಂಟ್ ತಂತಿ ಬಂತು. ಹತ್ತಿದವನಿಗೆ ಶಾಕ್ ಹೊಡೀಬಾರದು ಅಂತ ತೆಗೆಸಿಬಿಟ್ರು."

"ಈಗ ಇದನ್ನ ಹತ್ತೋರು ಯಾರು? ಇರುವೆನಾ?"

"ಯಾರಾದ್ರೂ ಆಗಲಿ. ಸೇಫ್ಟಿ ಅಂದ್ರೆ ಸೇಫ್ಟಿ."

ಇಷ್ಟೆಲ್ಲ ಮುಂಜಾಗ್ರತೆಯ ಮನುಷ್ಯನ ಸ್ವಂತ ಬಚ್ಚಲಲ್ಲಿ ಗೀಸರಿನ ಸ್ವಿಚ್ಚು ಸಡಿಲವಾಗಿ ನೇತಾಡುತ್ತಿತ್ತು! ಅಕ್ಕ ಅದನ್ನು ತೋರಿಸಿದರೆ "ವಾಚ್‌ಮನ್‌ಗೆ ಹೇಳು, ಅದು ಅವನ ಡಿಪಾರ್ಟ್‌ಮೆಂಟು" ಎಂದರು.

ಇನ್ನು ಕೊಳೆಯ ಕಥೆ. ಡಬ್ಬಿ ತಯಾರಾಗಿ, ಬಣ್ಣ ಬಳಿದು, ಫಳಫಳ ಹೊಳೆಯತೊಡಗಿದ ಮೇಲೆ ಅದಕ್ಕೆ ಕೊಳೆ ಹಿಡಿಸಬೇಕು. ನಿಜವಾದ ರೈಲು ಮಾಸಿರುತ್ತದಲ್ಲ, ಹಾಗೆ. ದುಬೈಯಲ್ಲಿ ಧೂಳಿಗೇನು ಬರವೇ? ಬಾಲ್ಕನಿಯ ಬಾಗಿಲು ಒಂದು ಗಳಿಗೆ ತೆರೆದಿಟ್ಟರೆ ಸೋಫಾದ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಉಹುಂ, ಆಗುವುದಿಲ್ಲ! ಇದು ಮರಳಿನ ಧೂಳು, ಹಳದಿ. ಇಂಗ್ಲೆಂಡಿನದು ಕಲ್ಲಿದ್ದಲ ಮಸಿ, ಕರಿ. ಆದ್ದರಿಂದ ಭಾವ ಕೊರಿಯರಿನಲ್ಲಿ ಕೊಳೆ ತರಿಸಿದರು. ಪುಟ್ಟ ಪುಟ್ಟ ಭರಣಿಗಳಲ್ಲಿ ಹೊಗೆಯ ಮಸಿ, ಬ್ರೇಕಿನ ಧೂಳು, ತುಕ್ಕು, ಎಲ್ಲ ಬೇರೆ ಬೇರೆ! ಸಹಿ ಹಾಕಿ ತೆಗೆದುಕೊಂಡ ಅಕ್ಕ ನನಗೆ ಫೋನು ಮಾಡಿದಳು: "ದುಡ್ಡು ಕೊಟ್ಟು ಕೊಳೆ ತರಿಸೋ ಗಂಡಸನ್ನ ಎಲ್ಲಾದ್ರೂ ಕಂಡಿದೀಯೇನೇ?"

ಅದೂ ಮುಗಿದಾಗ ಏನಾಯಿತು? ಒಂದು ಆರತಕ್ಷತೆಗೆ ಹೊರಟ ಅಕ್ಕ ಕನ್ನಡಿಯ ಮುಂದೆ ಕುಳಿತು ಐಶ್ಯಾಡೋ ಪೆಟ್ಟಿಗೆ ತೆರೆದರೆ ಕಂದು ಮತ್ತು ಬೂದು ಬಣ್ಣದ ಗುಳಿಗಳು ತಗಡು ಕಾಣುವವರೆಗೆ ಖಾಲಿ.

"ರೀ, ನನ್ನ ಐಶ್ಯಾಡೋ ಎಲ್ಲಿ ಹೋಯ್ತು?"

"ಚಾವಣಿಗೆ ಹೋಯ್ತು ಕಣೇ" ಎಂದರು ಭಾವ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ.

ನಮ್ಮ ಚಿಕ್ಕಪ್ಪನ ಮಗ ಮದುವೆಯಾಗಿ ಇಂಗ್ಲೆಂಡಿಗೆ ಮಧುಚಂದ್ರಕ್ಕೆ ಹೊರಟವನು ದುಬೈಯಲ್ಲಿ ಎರಡು ದಿನ ಇಳಿದಿದ್ದ. ಪಾಪ, ಭಾವನ ಕೈಗೆ ಸಿಕ್ಕಿಬಿದ್ದ. ಇಂಗ್ಲೆಂಡಿನಲ್ಲಿ ಹಳೆಯ ರೈಲುಗಳ ಒಂದು ಮ್ಯೂಸಿಯಂ ಇದೆ, ಅದರಲ್ಲಿರುವ ಇಂಥಿಂಥ ಡಬ್ಬಿಗಳ ಕಕ್ಕಸಿನ ಕಿಟಕಿಯ ಫೋಟೋ ಬೇಕು, ಒಳಗಿನಿಂದಲ್ಲ, ಹೊರಗಿನಿಂದ, ನೇರವಾಗಿ, ನೆರಳು ಬೀಳದ ಹಾಗೆ! ಹುಡುಗ ಮಾತಿಗೆ ತಪ್ಪಲಿಲ್ಲ. ವಾಪಸು ಬರುವಾಗ ಹೊಸ ಹೆಂಡತಿ ಅಕ್ಕನಿಗೆ ಆಲ್ಬಮ್ಮು ತೋರಿಸಿದಳು. ಅವಳ ಮುಖ ಎಲ್ಲೋ ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಕಕ್ಕಸಿನ ಕಿಟಕಿ! ಭಾವ ಪ್ರತಿಯೊಂದನ್ನೂ ಕಣ್ತುಂಬ ನೋಡಿ, "ಎಷ್ಟು ಚೆನ್ನಾಗಿ ಬಂದಿದೆ" ಎಂದು ನಿಟ್ಟುಸಿರಿಟ್ಟರು. ತನ್ನ ಬಗ್ಗೆ ಹೇಳುತ್ತಿದ್ದಾರೆಂದುಕೊಂಡ ಆ ಹುಡುಗಿ ನಾಚಿಕೊಂಡಿತು.

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳುತ್ತೀರಾ? ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ, ಒಂದು ಹಳೆಯ ಕಟ್ಟಡದಲ್ಲಿ ಒಬ್ಬ ಇಂಗ್ಲಿಷ್ ಅಜ್ಜ ಇದ್ದರು. ಹರೆಯದಲ್ಲಿ ಇದೇ ಡಬ್ಬಿಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಆಮೇಲೆ ಈ ಮರುಭೂಮಿಗೆ ಬಂದು ನೆಲೆಸಿದವರು. ತಿಂಗಳಿಗೊಂದು ಶನಿವಾರ ಅವರ ಮನೆಯಲ್ಲಿ ರೈಲುಹುಚ್ಚರ ಕೂಟ. ಎಲ್ಲರೂ ತಾವು ಮಾಡಿದ್ದನ್ನು ತರುತ್ತಾರೆ, ಅಜ್ಜ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಭಾವನ ಡಬ್ಬಿ ಕೈಗೆ ಬಂದಾಗ "ವೆರಿ ನೈಸ್" ಎನ್ನುತ್ತಾರೆ. ಇನ್ನೊಮ್ಮೆ ತಿರುಗಿಸುತ್ತಾರೆ. ಆಮೇಲೆ "ಬಟ್" ಎನ್ನುತ್ತಾರೆ. ಬಟ್, ಬಾಗಿಲ ಹಿಡಿ ಒಂದು ಕೂದಲೆಳೆ ಮೇಲಿರಬೇಕಿತ್ತು. ಬಟ್, ಈ ನಂಬರಿನದಕ್ಕೆ ಚಾವಣಿಯ ಪಟ್ಟಿ ನೇರ, ಬಾಗಿದ್ದಲ್ಲ. ವರ್ಷಗಟ್ಟಲೆ ಭಾವ ಅಬುಧಾಬಿಗೆ ಡಬ್ಬಿ ಹೊತ್ತುಕೊಂಡು ಹೋದದ್ದೂ, ಬಟ್ ಹೊತ್ತುಕೊಂಡು ವಾಪಸು ಬಂದದ್ದೂ!

"ಅಪ್ಪಾ, ಜಸ್ಟ್ ಟೆಲ್ ಹಿಮ್ ಯು ಡೋಂಟ್ ಕೇರ್" ಎಂದಳು ಅಕ್ಕನ ಮಗಳು ಒಮ್ಮೆ. ಭಾವ ಅವಳನ್ನು ಪಕ್ಕದ ಫ್ಲ್ಯಾಟಿನ ಮಗುವನ್ನು ನೋಡುವ ಹಾಗೆ ನೋಡಿದರು.

ಹೋದ ವರ್ಷ ಆ ಅಜ್ಜ ಎಲ್ಲ ಕಟ್ಟಿಕೊಂಡು ಇಂಗ್ಲೆಂಡಿಗೆ ಹಿಂತಿರುಗುವುದೆಂದು ನಿರ್ಧಾರವಾಯಿತು. ಕೊನೆಯ ಕೂಟ ದಸರಾದ ಶನಿವಾರ. ಭಾವ ನಿದ್ದೆಯಲ್ಲೂ ಚಾವಣಿ ಎಣಿಸತೊಡಗಿದರು. ಅವರಿಗೆ ಬೇಕಾಗಿದ್ದದ್ದು ಒಂದೇ: ಬಟ್ ಇಲ್ಲದ ಒಂದು ವೆರಿ ನೈಸ್. ತಿಂಗಳುಗಟ್ಟಲೆ ಕೂತು ಒಂದೇ ಒಂದು ಡಬ್ಬಿ ಮಾಡಿದರು. ಕೆಳಗೆ ಗಾಢ ಕೆಂಪು, ಮೇಲೆ ಕೆನೆಬಣ್ಣ. ಅದರ ಮೇಲೆ ಇಂಗ್ಲೆಂಡಿನ ಕೊಳೆ, ಪದರದ ಮೇಲೆ ಪದರ. ನನ್ನಂಥವಳಿಗೂ ಅದನ್ನು ನೋಡಿದರೆ ಕಲ್ಲಿದ್ದಲ ವಾಸನೆ ಬಂದಂತಾಗುತ್ತಿತ್ತು. ಈ ಸಲ ಮಾತ್ರ ಅಜ್ಜನಿಗೆ ತಪ್ಪು ಸಿಕ್ಕಲಾರದು ಎಂದು ನಾನೇ ಒಪ್ಪಿಕೊಂಡೆ.

ಆಗ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ನಮ್ಮಮ್ಮ ಬಂದಿದ್ದಳು. ನಮ್ಮಮ್ಮನಿಗೂ ಕೊಳೆಗೂ ಹುಟ್ಟಾ ಹಗೆ! ಹಾಲಿನ ಪ್ಯಾಕೆಟ್ಟನ್ನೇ ಸೋಪು ಹಾಕಿ ತೊಳೆದು ಫ್ರಿಜ್ಜಿನಲ್ಲಿಡುವ ಹೆಂಗಸು. ಅಂಥವಳಿಗೆ ಅಳಿಯನಾಗಿ ಇಂಥವರು ಸಿಕ್ಕಿದ್ದು ವಿಧಿಯ ಚೇಷ್ಟೆಯಲ್ಲದೆ ಮತ್ತೇನು?

ಕೂಟದ ಹಿಂದಿನ ದಿನ ಆಯುಧಪೂಜೆ. ಅದು ಶುಕ್ರವಾರ, ಎಲ್ಲರಿಗೂ ಆಫೀಸು, ಮಗುವಿಗೆ ಸ್ಕೂಲು. ಸಂಜೆ ಎಲ್ಲ ಸೇರಿ ಕಾರಿಗೆ ಪೂಜೆ ಮಾಡೋಣ ಎಂದು ಮಾತಾಗಿತ್ತು. ಬೇಸ್‌ಮೆಂಟಿನಲ್ಲಿ ಬೂದುಗುಂಬಳಕಾಯಿ ಒಡೆಯಲು ವಾಚ್‌ಮನ್ ಬಿಡುವುದಿಲ್ಲವಾದ್ದರಿಂದ ನಿಂಬೆಹಣ್ಣಿಗೇ ತೃಪ್ತಿಪಟ್ಟುಕೊಳ್ಳಬೇಕು ಎಂದೂ ಆಗಿತ್ತು. ಭಾವ ಹೊರಡುವ ಮುಂಚೆ ಡಬ್ಬಿಯನ್ನು ಬೀರುವಿನಿಂದ ತೆಗೆದು, ಮರುದಿನ ಪ್ಯಾಕ್ ಮಾಡಲೆಂದು ಊಟದ ಮೇಜಿನ ಮೇಲಿಟ್ಟರು. ಅಲ್ಲಿಯೇ ಎಡವಿದರು.

ಸಂಜೆ ನಾವೆಲ್ಲ ಒಟ್ಟಿಗೇ ಬಾಗಿಲಿಗೆ ಬಂದಾಗ ಅಮ್ಮ ನಗುನಗುತ್ತ ಬಾಗಿಲು ತೆಗೆದಳು.

"ಬನ್ನಿ ಬನ್ನಿ, ಕೈಕಾಲು ತೊಳ್ಕೊಳಿ. ಪೂಜೆ ಆಗೋಯ್ತು."

"ಯಾವುದಕ್ಕಮ್ಮಾ ಪೂಜೆ? ಕಾರು ಇವರ ಆಫೀಸಲ್ಲಿತ್ತಲ್ಲ?" ಎಂದಳು ಅಕ್ಕ.

"ನವಮಿ ಮಧ್ಯಾಹ್ನಕ್ಕೇ ಮುಗಿಯುತ್ತೆ, ಸಂಜೆವರೆಗೂ ಕಾಯುತ್ತಾ? ಮಿಕ್ಸಿಗೆ ಮಾಡಿದೆ, ಈಳಿಗೆಮಣೆಗೆ ಮಾಡಿದೆ. ವಾಹನ ಅಂತ ಮನೇಲಿ ಉಳಿದಿದ್ದು ಇದೊಂದೇ ಅಳಿಯಂದ್ರೇ. ಎಷ್ಟು ಕೊಳೆ ಕೂತಿತ್ತು ಗೊತ್ತಾ? ಹಳೇ ಬ್ರಷ್ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಇಷ್ಟೊಳ್ಳೆ ಸಾಮಾನನ್ನ ಹಾಗಾ ಇಟ್ಕೊಳೋದು?"

ದೇವರ ಗೂಡಿನ ಮುಂದೆ, ತುಂಡು ಬಾಳೆಲೆಯ ಮೇಲೆ ಡಬ್ಬಿ ನಿಂತಿತ್ತು. ಆಹಾ, ಏನು ಹೊಳಪು! ತಿಂಗಳುಗಟ್ಟಲೆ ಕೂಡಿಹಾಕಿದ ಇಂಗ್ಲೆಂಡಿನ ಕೊಳೆಯೆಲ್ಲ ದೇರಾದ ಮೋರಿಯ ಪಾಲಾಗಿತ್ತು. ಚಾವಣಿಯ ಒಂದೊಂದು ಗಾಳಿಗೂಡಿನ ಮೇಲೂ ಒಂದೊಂದು ಮಲ್ಲಿಗೆ ಮೊಗ್ಗು. ಕೆನೆಬಣ್ಣದ ಪಟ್ಟಿಯ ಮೇಲೆ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಗಾಲಿಗಳ ಕೆಳಗೆ? ನಿಂಬೆಹಣ್ಣು ಡಬ್ಬಿಯಷ್ಟೇ ಎತ್ತರವಿತ್ತಾದ್ದರಿಂದ ಅಮ್ಮ ಒಂದೊಂದು ಗಾಲಿಗೂ ಒಂದೊಂದು ಕಾಳುಮೆಣಸು ಇಟ್ಟಿದ್ದಳು!

ನನಗೆ ನಗು ಉಕ್ಕಿಬಂತು, ಆದರೆ ಭಾವನ ಮುಖ ನೋಡಿ ನುಂಗಿಕೊಂಡೆ. ಅಕ್ಕನ ಮುಖದ ಬಣ್ಣ ಇಳಿದುಹೋಗಿತ್ತು. ಬಾಗಿಲ ಹಿಡಿ ಕೂದಲೆಳೆಯಷ್ಟು ಆಚೀಚೆ ಆದರೆ ಊಟ ಬಿಡುವ ಮನುಷ್ಯ ಇವರು. ಭಾವ ಬ್ಯಾಗು ಕೆಳಗಿಟ್ಟು, ಭೂತಗನ್ನಡಿ ಕಟ್ಟಿಕೊಂಡು, ಬಾಳೆಲೆಯ ಮುಂದೆ ಮಂಡಿಯೂರಿ ಕುಳಿತರು. ಬಹಳ ಹೊತ್ತು ಆ ಕುಂಕುಮವನ್ನೇ ನೋಡಿದರು.

"ಚೆನ್ನಾಗಿದೆಯಾ?" ಎಂದಳು ಅಮ್ಮ.

"ತುಂಬಾ ಚೆನ್ನಾಗಿದೆ ಅತ್ತೆ" ಎಂದರು ಭಾವ.

ಅಮ್ಮ ಕೋಸಂಬರಿ ತರಲು ಒಳಗೆ ಹೋದಳು. ಭಾವ ನಮ್ಮತ್ತ ತಿರುಗಿ, "ಅತ್ತೆಗೆ ಯಾರೂ ಒಂದು ಮಾತೂ ಹೇಳಕೂಡದು" ಎಂದರು. ಅಕ್ಕ ನೇರವಾಗಿ ಕೋಣೆಗೆ ಹೋಗಿ ತನ್ನ ಹೊಸ ಐಶ್ಯಾಡೋ ಪೆಟ್ಟಿಗೆಯನ್ನು ತಂದು ಗಂಡನ ಮುಂದಿಟ್ಟಳು. "ಬೇಕಾದಷ್ಟು ಕೆರ್ಕೊಳಿ" ಎಂದಳು. ಮದುವೆಯಾದಾಗಿನಿಂದ ಅವಳು ಗಂಡನಿಗೆ ಇಷ್ಟು ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಎದ್ದು ಭಾವ ಚಾವಣಿಗೆ, ಗಾಲಿಗಳಿಗೆ ಮತ್ತೆ ಕೊಳೆ ಹಚ್ಚಿದರು. ಅರಿಶಿನ ಕುಂಕುಮದ ಹತ್ತಿರ ಮಾತ್ರ ಹೋಗಲೇ ಇಲ್ಲ. ಅಬುಧಾಬಿಗೆ ನಾನೇ ಕಾರು ಓಡಿಸಬೇಕಾಯಿತು, ಏಕೆಂದರೆ ಬಿಸ್ಕತ್ತಿನ ಡಬ್ಬದೊಳಗೆ ಮಲ್ಲುಬಟ್ಟೆಯಲ್ಲಿ ಮಲಗಿಸಿದ ಡಬ್ಬಿಯನ್ನು ಹಿಡಿಯಲು ಭಾವನಿಗೆ ಎರಡೂ ಕೈ ಬೇಕು. ಎಲ್ಲರೂ ರೊಂಯ್ಯನೆ ಹಾರುವ ಆ ರಸ್ತೆಯಲ್ಲಿ ನಾವು ದಿಬ್ಬಣದ ಎತ್ತಿನಗಾಡಿಯ ಹಾಗೆ ಹೋದೆವು. ಹಿಂದಿನವರು ಲೈಟು ಹೊಡೆದರು, ಪಕ್ಕದವರು ಕೈಯೆತ್ತಿ ಏನೋ ಅಂದರು.

"ಭಾವ, ಇಲ್ಲಿಯವರ ಹಾಗೆ ಯಲ್ಲಾ ಅಂತ ಜೋರಾಗಿ ಹೋಗಿಬಿಡಲಾ?"

"ಕುಲುಕುತ್ತೆ. ಹೀಗೇ ಹೋಗು." ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಗಂಭೀರವಾಗಿ ಹೇಳಿದರು, "ನಿನ್ನೆ ಲೆಕ್ಕ ಹಾಕಿದೆ. ಇದು ಎಪ್ಪತ್ತಾರರಲ್ಲಿ ಒಂದು ಪಾಲಿನ ಅಳತೆ. ನಿಂಬೆಹಣ್ಣನ್ನ ಅಷ್ಟು ಚಿಕ್ಕದು ಮಾಡಿದ್ರೆ ಕಾಳುಮೆಣಸು ದೊಡ್ಡದಾಯ್ತು. ಗಸಗಸೆ ಇಡಬೇಕಿತ್ತು."

"ಗಸಗಸೆ ಈ ದೇಶದಲ್ಲಿ ನಿಷೇಧ ಭಾವ, ಇಟ್ಟಿದ್ರೆ ಅಮ್ಮನ್ನ ಪೊಲೀಸ್ ಹಿಡ್ಕೊಂಡು ಹೋಗ್ತಿದ್ರು!"

"ಅದಕ್ಕೇ ಕಾಳುಮೆಣಸೇ ಸರಿ ಅಂತ ತೀರ್ಮಾನಿಸಿದೆ" ಎಂದರು.

ಅಜ್ಜನ ಮನೆಯಲ್ಲಿ ಗೋಡೆಗಳೆಲ್ಲ ಬೋಳಾಗಿದ್ದವು, ಮೂಲೆಯಲ್ಲಿ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ಅವರು ಭಾವನ ಡಬ್ಬಿಯನ್ನು ದೀಪದ ಕೆಳಗೆ ಹಿಡಿದರು. ಚಾವಣಿ ನೋಡಿದರು, ಬೆನ್ನು ನೋಡಿದರು, ಹೊಟ್ಟೆಯಡಿ ತಿರುಗಿಸಿ ನೋಡಿದರು. ನಾನೂ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನಿಂತ ಹಾಗೆ ನಿಂತೆ.

"ವೆರಿ ನೈಸ್" ಎಂದರು ಅಜ್ಜ. ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಕುಂಕುಮದ ಮೇಲೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಹೇಳಿದರು, "ಬಟ್, ಇದೇನಿದು? ಇಂಥ ಹಳದಿಯೂ ಕೆಂಪು ಚುಕ್ಕೆಯೂ ಯಾವ ಡಬ್ಬಿಯ ಮೇಲೂ ಇರಲಿಲ್ಲ. ಉಳಿದಂತೆ ನನಗೆ ಒಂದು ತಪ್ಪೂ ಸಿಗುತ್ತಿಲ್ಲ. ಇದನ್ನು ಒರೆಸಿಬಿಟ್ಟರೆ ಪೂರ್ತಿ ಸರಿ." ಹಾಗೆಂದು ತಾವೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆದರು.

ಇಷ್ಟು ವರ್ಷ ಕಾದ ಮಾತು ಒಂದು ಹತ್ತಿಯ ಉಂಡೆಯಷ್ಟು ದೂರದಲ್ಲಿತ್ತು! ಭಾವ ಏನು ಮಾಡಿದರು ಗೊತ್ತೇ? ಅಜ್ಜನ ಕೈಯಿಂದ ಡಬ್ಬಿಯನ್ನು ಮೆಲ್ಲನೆ ತೆಗೆದುಕೊಂಡು ಎದೆಗೆ ಹಿಡಿದರು.

"ನೋ ಸರ್. ಅದು ಇರಲಿ."

ಅಜ್ಜ ಹುಬ್ಬೇರಿಸಿದರು, ಆಮೇಲೆ ನಕ್ಕರು. "ವೆರಿ ನೈಸ್, ಬಟ್..." ಎಂದು ತಲೆಯಾಡಿಸಿ ಕೈಕುಲುಕಿದರು. ಖಲಾಸ್. ಭಾವನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಏನು ಭಾವ ನೀವು! ಒಂದು ಸಲ ಒರೆಸಿದ್ರೆ ಆಗ್ತಿತ್ತಲ್ಲ? ಅಮ್ಮ ಬೇಕಾದ್ರೆ ಇನ್ನೊಂದು ಬೊಟ್ಟು ಇಡ್ತಿದ್ಲು."

"ಇಡ್ತಿದ್ರಾ?" ಎಂದರು ಭಾವ. "ಅದರಲ್ಲಿ ಅತ್ತೆ ಬೆರಳ ಗುರುತಿದೆ. ಭೂತಗನ್ನಡೀಲಿ ನೋಡಿದ್ರೆ ಗೆರೆ ಗೆರೆ ಕಾಣುತ್ತೆ. ಮಾವನವರು ಹೋದ ಮೇಲೆ ಅತ್ತೆ ತಮ್ಮ ಕೈಯಾರೆ ಕುಂಕುಮ ಇಟ್ಟಿದ್ದು ನೀನು ನೋಡಿದೀಯಾ?"

ನೋಡಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಯಾವ ಹಬ್ಬವಾದರೂ ಅಮ್ಮ ಅರಿಶಿನ, ಕುಂಕುಮ, ಹೂವು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ ಅಕ್ಕನ ಕೈಗೋ ನನ್ನ ಕೈಗೋ ಕೊಟ್ಟು, "ನೀವು ಇಡಿ, ಪಾಯಸ ತಳ ಹಿಡಿಯುತ್ತೆ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇರು ಎಂದೂ ಯಾರೂ ಹೇಳಿರಲಿಲ್ಲ. ನಿನ್ನೆ ಮನೆಯಲ್ಲಿ ಯಾರ ಕಣ್ಣೂ ಇಲ್ಲದಾಗ, ನವಮಿ ಮುಗಿದುಹೋಗುತ್ತದೆಂಬ ನೆಪದಲ್ಲಿ, ಅಮ್ಮ ತನ್ನ ಬೆರಳಿನಿಂದ ಒಂದು ಬೊಟ್ಟು ಇಟ್ಟಿದ್ದಳು. ನನಗೆ ಮುಂದಿನ ರಸ್ತೆ ಮಂಜಾಯಿತು. ಈ ಸಲ ಯಾರೂ ಹೇಳದೆಯೇ ಕಾರು ನಿಧಾನ ಮಾಡಿದೆ.

ಮನೆಗೆ ಬಂದಾಗ ಅಮ್ಮ ಕಾಯುತ್ತಿದ್ದಳು. "ಏನಂದ್ರು ಆ ಸಾಹೇಬ್ರು? ಚೆನ್ನಾಗಿ ತೊಳೆದಿದೀರಿ ಅಂದ್ರಾ?"

"ಒಂದು ತಪ್ಪೂ ಇಲ್ಲ ಅಂದ್ರು ಅತ್ತೆ."

ಆಮೇಲೆ ಭಾವ ಭೂತಗನ್ನಡಿ ಕಟ್ಟಿಕೊಂಡು ಗಾಜಿನ ಬೀರು ತೆರೆದರು. ಒಳಗಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ಅಮ್ಮನ ಮುಂದಿಟ್ಟರು.

"ಇವು ಉಳಿದುಹೋಗಿವೆ. ಇವತ್ತು ವಿಜಯದಶಮಿ, ಇಟ್ಟರೆ ತಪ್ಪೇನಿಲ್ಲ ಅಲ್ವಾ?"

ಅಮ್ಮ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಅಕ್ಕ ಇದ್ದಳು, ನಾನಿದ್ದೆ, ಮಗು ಇತ್ತು. "ಇವಳು ಇಡ್ತಾಳೆ ಬಿಡಿ" ಎಂದು ಅಕ್ಕನತ್ತ ಕೈ ಮಾಡಿ ಅಡುಗೆಮನೆಯ ಕಡೆಗೆ ತಿರುಗಿದಳು.

"ಇವಳು ದೊಡ್ಡದಾಗಿ ಇಟ್ಟುಬಿಡ್ತಾಳೆ ಅತ್ತೆ, ಇವಳಿಗೆ ಅಳತೆ ಗೊತ್ತಾಗಲ್ಲ" ಎಂದರು ಭಾವ. "ಇದಕ್ಕೆ ನಿಮ್ಮ ಕೈಯೇ ಆಗಬೇಕು."

ಅಮ್ಮ ಅಲ್ಲೇ ನಿಂತಳು. ಸೆರಗಿನಿಂದ ಕೈ ಒರೆಸಿಕೊಂಡಳು, ಒದ್ದೆಯೇ ಇರದ ಕೈಯನ್ನು. ಆಮೇಲೆ ಬಂದು ಉಂಗುರದ ಬೆರಳನ್ನು ಭರಣಿಯಲ್ಲಿ ಅದ್ದಿದಳು. ಮೊದಲನೆಯ ಡಬ್ಬಿಗೆ ಇಡುವ ಮುಂಚೆ ಮತ್ತೆ ನಮ್ಮತ್ತ ನೋಡಿದಳು. ಸಾಲು ಮುಗಿಯುವ ಹೊತ್ತಿಗೆ ಯಾರತ್ತಲೂ ನೋಡುತ್ತಿರಲಿಲ್ಲ.

ಬೆರಳಲ್ಲಿ ಇನ್ನೂ ಸ್ವಲ್ಪ ಕುಂಕುಮ ಉಳಿದಿತ್ತು. ಅದನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಅಮ್ಮ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು. ಭಾವ ತಲೆಯ ಮೇಲಿನ ಭೂತಗನ್ನಡಿ ತೆಗೆದು, ಅವಳ ಮುಂದೆ ಬಾಗಿ, ಹಣೆ ಕೊಟ್ಟರು. ಅವರ ಹಿಂದೆ ಅಕ್ಕ ನಿಂತಳು, ಅಕ್ಕನ ಹಿಂದೆ ನಾನು.